ಗೋಡೆ ತಟ್ಟಿದ ಮಾಮಾನಿಗೆ ಮೂರು ಬಿತ್ತು

ಭಾನುವಾರ ಮಧ್ಯಾಹ್ನ ವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಆಟ ನಡೆಯುತ್ತದೆ. ಆಟ ನಡೆಸುವವ ನಾನು, ಹೈಸ್ಕೂಲು ಮಾಸ್ತರ. ಹಾಳು ಕೋಟೆಯನ್ನೋ ನೆಲಮಾಳಿಗೆಯನ್ನೋ ಬಾಯಲ್ಲೇ ಕಟ್ಟಿ ನಿಲ್ಲಿಸುತ್ತೇನೆ. ಉಳಿದವರು ಕತ್ತಿವೀರರೋ ಮಂತ್ರಗಾತಿಯರೋ ಆಗಿ ಅದರೊಳಗೆ ಹೊಕ್ಕು, ರಾಕ್ಷಸರಿಂದ ತಪ್ಪಿಸಿಕೊಂಡು ನಿಧಿ ತರಬೇಕು.

ವರ್ಷಗಟ್ಟಲೆ ಹಳೆಯ ನಿಯಮಗಳಲ್ಲೇ ಆಡಿದೆವು. ಜೆರಾಕ್ಸ್ ಮಾಡಿಸಿದ ತೆಳ್ಳನೆ ಪುಸ್ತಕ. ಅರ್ಧ ವಿಷಯಕ್ಕೆ ಅದರಲ್ಲಿ ನಿಯಮವೇ ಇಲ್ಲ. ಏನು ಮಾಡುತ್ತೀರೆಂದು ನೀವು ಹೇಳಬೇಕು, ಆಗುತ್ತದೋ ಇಲ್ಲವೋ ನಾನು ಹೇಳುತ್ತೇನೆ, ಅಷ್ಟೆ. ಹೆಜ್ಜೆ ತಪ್ಪಿದರೆ ಪಾತ್ರ ಸತ್ತೇಹೋಯಿತು. ಆ ಆಟಕ್ಕೆ ರಾಜನೆಂದರೆ ನಮ್ಮ ಅಕ್ಕನ ಗಂಡ, ಶಹಾಬಾದಿನ ಮಾಮಾ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಮೂವತ್ತು ವರ್ಷ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸಿದವರು. ನಾನು ಗೋಡೆ ಎಂದರೆ ಸಾಕು, ಎಂಥ ಕಲ್ಲು, ಪದರು ಯಾವ ಕಡೆ ಎಂದು ಕೇಳುತ್ತಿದ್ದರು. ಸುತ್ತಿಗೆಯಿಂದ ತಟ್ಟಿ, ನೀರು ಸುರಿದು ಎಲ್ಲಿ ಇಂಗುತ್ತದೆಂದು ನೋಡಿ, ನಾನು ಬಚ್ಚಿಟ್ಟ ಬಾಗಿಲುಗಳನ್ನೆಲ್ಲ ಹುಡುಕಿಬಿಡುತ್ತಿದ್ದರು. ನಾಲ್ಕು ಜನ ಓದಿದವರ ನಡುವೆ ಬಾಯಿ ಬಿಡದ ಮನುಷ್ಯ ಅಲ್ಲಿ ಮಾತ್ರ ಮನಸಾರೆ ಮಾತಾಡುತ್ತಿದ್ದರು. ಅದನ್ನು ನೋಡಲಿಕ್ಕೇ ನಾನು ಆಟ ನಡೆಸುತ್ತಿದ್ದೆ.

ಆಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೇರಿದಳು. ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್. ಮಾತಾಡುವಾಗ ಸ್ವಲ್ಪ ಉಗ್ಗುತ್ತಾಳೆ. ಆಟದಲ್ಲಿ ಅವಳು ಬೇಕೆಂದೇ ಆರಿಸಿಕೊಂಡದ್ದು ಮಾತಿನ ಮಲ್ಲಿಯ ಪಾತ್ರ. ಕಾವಲುಗಾರನಿಗೆ ಏನು ಹೇಳುತ್ತೀ ಎಂದು ನಾನು ಕೇಳಿದೊಡನೆ ಬೆವರುತ್ತಿದ್ದಳು, ಪ್ರತಿ ಸಲವೂ ಸೆರೆಮನೆ ಸೇರುತ್ತಿದ್ದಳು. ಕೊನೆಗೆ ಅವಳೇ ಹೊಸ ನಿಯಮಗಳ ಮೂರು ದಪ್ಪ ಪುಸ್ತಕ ಹೊತ್ತು ತಂದಳು. ಅದರಲ್ಲಿ ಪಾತ್ರದ ಮಾತಿನ ಶಕ್ತಿ ಇಷ್ಟು ಎಂದು ಬರೆದಿರುತ್ತದೆ. ಇಪ್ಪತ್ತು ಮುಖದ ದಾಳ ಉರುಳಿಸಿ ಅದನ್ನು ಕೂಡಿಸಿದಾಗ ಮೊತ್ತ ದೊಡ್ಡದು ಬಂದರಾಯಿತು, ಆಡುವವರು ಉಗ್ಗಿದರೂ ನಡೆಯುತ್ತದೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ಪುಸ್ತಕಗಳು ನನ್ನ ತಲೆ ತಿಂದವು. ಹಗ್ಗ ಹತ್ತಲು ಒಂದು ಪುಟ, ಜಾರಿ ಬೀಳಲು ಇನ್ನೊಂದು. ಸಾಯಬೇಕಾದರೂ ಮತ್ತೆ ಮತ್ತೆ ದಾಳ ಹಾಕಬೇಕು, ಅಷ್ಟರಲ್ಲಿ ಯಾರಾದರೂ ಮದ್ದು ಕುಡಿಸಿ ಎಬ್ಬಿಸಿರುತ್ತಾರೆ. ಒಂದು ಕಾದಾಟ ಮುಗಿಯುವುದರೊಳಗೆ ಎರಡು ಸಲ ಚಹಾ ಆಗುತ್ತಿತ್ತು. ಆದರೂ ಆ ಹುಡುಗಿ ಹದಿನೆಂಟು ಹಾಕಿ ಸೇನಾಪತಿಯನ್ನು ಒಲಿಸಿಕೊಂಡ ದಿನ ನಕ್ಕದ್ದನ್ನು ನೋಡಿ ತೆಪ್ಪಗಾದೆ.

ಹೋದ ತಿಂಗಳು ಆಟದಲ್ಲಿ ಮಾಮಾ, ಹುಡುಗಿ ಇಬ್ಬರೂ ಒಂದು ನೆಲಮಾಳಿಗೆಯಲ್ಲಿದ್ದರು. ಮೂರೂ ಕಡೆ ಗೋಡೆ. ಮಾಮಾ ನನ್ನಿಂದ ಒಂದೊಂದೇ ವಿವರ ಕೇಳಿ ತೆಗೆದು, ಎಡಗೋಡೆಯ ಕೆಳಸಾಲು ತಟ್ಟಿದರು. ಅಲ್ಲಿ ಪದರು ತಿರುಗಿದೆ, ಆ ಕಲ್ಲು ಆಮೇಲೆ ತುಂಬಿದ್ದು, ಹಿಂದೆ ಪೊಳ್ಳು ಎಂದರು. ನನ್ನ ನಕ್ಷೆಯಲ್ಲಿ ಬಾಗಿಲಿದ್ದದ್ದು ಅಲ್ಲೇ. ಹುಡುಗಿ ಮೆಲ್ಲಗೆ ಪುಸ್ತಕ ತೆರೆದು, ಹುಡುಕುವುದಕ್ಕೂ ದಾಳ ಹಾಕಬೇಕೆಂದು ತೋರಿಸಿದಳು. ಮಾಮಾನ ಕತ್ತಿವೀರನಿಗೆ ಕಣ್ಣಿನ ಚುರುಕು ಸೊನ್ನೆ. ಮಾಮಾ ದಾಳ ಉರುಳಿಸಿದರು. ಮೂರು ಬಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಕಲ್ಲಿನಲ್ಲೇ ಆಯುಷ್ಯ ಸವೆಸಿದವರಿಗೆ ಕಲ್ಲು ತಿಳಿಯದೆಂದು ಒಂದು ಪ್ಲಾಸ್ಟಿಕ್ ಚೂರು ಹೇಳುವುದೇ? ಪುಸ್ತಕ ಫಟ್ಟನೆ ಮುಚ್ಚಿ, ಮಾಮಾನಿಗೆ ದಾಳ ಬೇಡ, ಬಾಗಿಲು ಸಿಕ್ಕಿತು ಎಂದೆ. ಹುಡುಗಿ ತಲೆ ತಗ್ಗಿಸಿ ತನ್ನ ದಾಳವನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ದಾಳವಿಲ್ಲದಿದ್ದರೆ ಮುಂದಿನ ಕಾವಲುಗಾರನ ಎದುರು ಅವಳು ಬಾಯಿ ತೆರೆಯಲೇಬೇಕಾಗುತ್ತಿತ್ತು.

ಮಾಮಾ ಆ ಮುಷ್ಟಿ ನೋಡಿದರು.

"ನನಗೊಂದು ಕಾಯ್ದೆ, ಈ ಪೋರಿಗೊಂದು ಕಾಯ್ದೆ ಬ್ಯಾಡಪಾ," ಎಂದರು. "ಮೂರು ಬಿದ್ದದ. ನನಗ ಬಾಗಿಲ ಕಂಡಿಲ್ಲ. ಹೊಳ್ಳಿ ಹೋಗ್ತೀವಿ, ದಾರಿ ಹೇಳು."

ಬಾಗಿಲು ಎಲ್ಲಿದೆಯೆಂದು ಮೂವರಿಗೂ ಗೊತ್ತಿತ್ತು. ಅದಕ್ಕೆ ಬೆನ್ನು ಮಾಡಿ ಹೊರಟವರಿಗೆ ಮೆಟ್ಟಿಲು ಎಷ್ಟು, ತಿರುವು ಎಲ್ಲಿ ಎಂದು ನಾನು ಒಂದೊಂದಾಗಿ ಹೇಳುತ್ತಾ ಹೋದೆ.