ಕಾರ್ಡಿನ ಆರನೆಯ ತೂತು

ನನ್ನ ನಾಲಿಗೆ ನನ್ನ ಕೈಗಿಂತ ಚೆನ್ನಾಗಿ ಗುರಿ ಹಿಡಿಯುತ್ತದೆ. ಇದನ್ನು ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಬಹಳ ಹಿಂದಿನ ಮಾತಲ್ಲ, ಎರಡು ವರ್ಷವಾಗಿರಬಹುದು. ಚಿಕ್ಕೋಡಿಯ ಕೋರ್ಟಿನ ಎದುರು ಕುಳಿತು ಅರ್ಜಿ ಟೈಪು ಮಾಡಿಕೊಡುವುದು ನನ್ನ ಕೆಲಸ. ವಾರವಿಡೀ ಮಂದಿಯ ಗೋಳನ್ನು ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುವವನಿಗೆ ಭಾನುವಾರ ಬಂತೆಂದರೆ ಬಾಯಿ ತುರಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ನಾವು ನಾಲ್ವರು ಏರ್ ಪಿಸ್ತೂಲು ಹೊಡೆಯಲು ಸೇರುತ್ತಿದ್ದೆವು. ಊರಾಚೆಯ ಒಂದು ಹಳೆಯ ತಂಬಾಕಿನ ಗೋದಾಮು. ತಂಬಾಕು ಖಾಲಿಯಾಗಿ ವರ್ಷಗಳಾದರೂ ಘಾಟು ಹೋಗಿರಲಿಲ್ಲ, ಮೊದಲ ಹತ್ತು ನಿಮಿಷ ಸೀನುವುದರಲ್ಲೇ ಕಳೆಯುತ್ತಿತ್ತು. ಅಂಕಲಿಯ ನಿವೃತ್ತ ಪಿ.ಟಿ. ಮಾಸ್ತರರು ಅಲ್ಲಿ ಹತ್ತು ಮೀಟರ್ ಅಳೆದು ಗೆರೆ ಎಳೆದು, ಎದುರು ಗೋಡೆಗೆ ಪ್ಲೈವುಡ್ ಬಡಿದು, ಕರೀ ಚುಕ್ಕಿಯ ನಟ್ಟನಡುವೆ ಬಿದ್ದರೆ ಹತ್ತು ಅಂಕ ಸಿಗುವ ಮೂರು ಗುರಿಕಾರ್ಡು ಪಕ್ಕಪಕ್ಕ ನಿಲ್ಲುವ ಹಾಗೆ ಮಾಡಿದ್ದರು. ರಾಟೆ ತಿರುಗಿಸಿದರೆ ದಾರದ ಮೇಲೆ ಕಾರ್ಡು ಹೋಗುತ್ತದೆ, ಬರುತ್ತದೆ. ಮಾಸ್ತರರಲ್ಲದೆ, ನಿಪ್ಪಾಣಿಯ ಆಸ್ಪತ್ರೆಯೊಂದರ ಸಿಸ್ಟರ್ ಬರುತ್ತಿದ್ದರು, ನಮ್ಮೆಲ್ಲರಿಗಿಂತ ಚೆನ್ನಾಗಿ ಹೊಡೆಯುವವರು. ಅದೇ ಊರಿನ ಟೇಲರ್ ಒಬ್ಬ ಬರುತ್ತಿದ್ದ, ನಾವೆಲ್ಲ ‘ಭಾಯಿ’ ಎನ್ನುತ್ತಿದ್ದೆವು. ಸಿಸ್ಟರ್ ಆಸ್ಪತ್ರೆಯ ಅಷ್ಟೂ ಮಂದಿಯ ಯುನಿಫಾರ್ಮು ಹೊಲಿಯುವವನು ಅವನೇ. ನಾಲ್ಕನೆಯವನು ನಾನು. ಭಾಯಿ ನನ್ನನ್ನು ‘ವಕೀಲ್ರ’ ಎಂದು ಕರೆಯುತ್ತಿದ್ದ. ನಾನು ವಕೀಲನಲ್ಲ ಎಂಬುದೇ ಅದರ ರುಚಿ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಹತ್ತು ಗುಂಡು ಹೊಡೆಯುವಾಗ ಉಳಿದವರು ‘ಕಾಟ’ ಕೊಡಬೇಕು. ಏನು ಬೇಕಾದರೂ ಅನ್ನಬಹುದು, ಮುಟ್ಟುವ ಹಾಗಿಲ್ಲ. ಹೊಡೆಯುವವನು ತಿರುಗಿ ನೋಡುವ ಹಾಗಿಲ್ಲ. ಪಂದ್ಯದಲ್ಲಿ ಗದ್ದಲಕ್ಕೆ ಅಂಜಬಾರದೆಂದು ಮಾಸ್ತರರು ಹಾಕಿಕೊಟ್ಟ ಅಭ್ಯಾಸ ಅದು. ಮಾಸ್ತರರ ಹೊಟ್ಟೆ, ಸಿಸ್ಟರ್ ಮುರಿದ ಮೂರು ಸಂಬಂಧಗಳು, ನನ್ನ ಹೆಂಡತಿ ಕೋಪ ಮಾಡಿಕೊಂಡು ಅಥಣಿಯ ತವರಿಗೆ ಹೋದದ್ದು, ಎಲ್ಲವೂ ಆ ಗೆರೆಯ ಹಿಂದೆ ಹರಾಜಾಗಿದ್ದವು. ಆಮೇಲೆ ಎಲ್ಲರೂ ಹೊರಗಿನ ನಳಕ್ಕೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯಬೇಕು. ಗುಂಡು ಸೀಸದ್ದು, ಕೈ ತೊಳೆಯದೆ ಚಹಾ ಮುಟ್ಟಬಾರದು. ಮಾಸ್ತರರು ಅದಕ್ಕೆ ಇನ್ನೊಂದು ಕಾಯ್ದೆ ಸೇರಿಸಿದ್ದರು.

“ಕೈ ತೊಳದ ಮ್ಯಾಲೆ ಮಾತೂ ತೊಳದ ಹೋತು. ಮನಿಗೆ ಯಾರೂ ಒಯ್ಯಂಗಿಲ್ಲ,” ಎನ್ನುತ್ತಿದ್ದರು.

ಆರು ವರ್ಷ ಹಾಗೇ ನಡೆಯಿತು. ಯಾರೂ ಮನೆಗೆ ಒಯ್ಯಲಿಲ್ಲ.

ಕೊಲ್ಲಾಪುರದ ಕ್ಲಬ್ಬೊಂದರ ಜೊತೆ ವರ್ಷಕ್ಕೊಮ್ಮೆ ನಮ್ಮ ಪಂದ್ಯ. ಇಲ್ಲಿಂದ ಮೂವರು ಹೋಗಬೇಕು. ಮಾಸ್ತರರದೂ ಸಿಸ್ಟರ್‌ದೂ ಜಾಗ ಗಟ್ಟಿ. ಮೂರನೆಯ ಜಾಗಕ್ಕೆ ಪ್ರತಿ ಸಲ ನನಗೂ ಭಾಯಿಗೂ ಪೈಪೋಟಿ, ಪ್ರತಿ ಸಲ ಹೋದವನು ನಾನು. ಆ ವರ್ಷ ಮಾತ್ರ ಭಾಯಿ ಹಟ ಹಿಡಿದವನಂತೆ ಹೊಡೆಯುತ್ತಿದ್ದ. ಯಾಕೆಂದು ನನಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿತ್ತು.

ಒಂದು ಬುಧವಾರ ಅವನು ಕೋರ್ಟಿನ ಎದುರು ಬಂದು, ನನ್ನ ಮೇಜಿನ ಮೇಲೆ ಕಣ್ಣಿನ ಡಾಕ್ಟರರ ಚೀಟಿ ಇಟ್ಟ. ಅಂಗವಿಕಲರ ಸರ್ಟಿಫಿಕೇಟಿಗೆ ಅರ್ಜಿ ಬರೆಯಬೇಕಿತ್ತು. ಎರಡೂ ಕಣ್ಣಿನ ನರಗಳು ಒಣಗುತ್ತಿವೆ, ಬದಿಯ ನೋಟ ಆಗಲೇ ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಚೀಟಿಯಲ್ಲಿತ್ತು.

“ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ವಕೀಲ್ರ,” ಎಂದ. “ನಡುವ ಇರೂದು ಇನ್ನೂ ಚಲೋ ಕಾಣಸ್ತೈತಿ. ಹೊಲಿಯಾಕ ಅಷ್ಟ ಸಾಕು. ಆದ್ರ ಟೇಲರ್ ಕಣ್ಣ ಹೋಗಾಕತ್ತಾವ ಅಂತ ಗೊತ್ತಾದ್ರ ಯಾರು ಬಟ್ಟಿ ಕೊಡ್ತಾರ್ರಿ?”

“ನಾ ಯಾಕ ಹೇಳ್ಲಿ?” ಎಂದೆ.

“ಈ ವರ್ಸ ಕೊಲ್ಲಾಪುರಕ್ಕ ಹೋಗಬೇಕ್ರಿ. ಮುಂದಿನ ವರ್ಸ ಆ ಕರೀ ಚುಕ್ಕಿ ಕಾಣಸ್ತೈತೋ ಇಲ್ಲೋ.”

ಅರ್ಜಿಯನ್ನು ಚೆನ್ನಾಗಿಯೇ ಬರೆದುಕೊಟ್ಟೆ. ಮರುಕವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮರುಕವಾಯಿತೆಂದು ಜಾಗ ಬಿಟ್ಟುಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆಗಲೂ ಇರಲಿಲ್ಲ.

ಆಯ್ಕೆಯ ಭಾನುವಾರ ಅವನು ನಡುವಿನ ಕಾರ್ಡಿಗೆ, ನಾನು ಅವನ ಬಲಗಡೆಯ ಕಾರ್ಡಿಗೆ ನಿಂತೆವು. ಐದು ಗುಂಡಿಗೊಂದು ಕಾರ್ಡು. ಒಂದು ಕೈ ಜೇಬಿನಲ್ಲಿ, ಇನ್ನೊಂದು ಕೈ ನೀಳ ಚಾಚಿ ಅವನು ನಿಂತ ರೀತಿ ನೋಡಿದರೆ ಯಾವ ರೋಗವೂ ಇಲ್ಲ ಅನ್ನಬೇಕು. ಕೊನೆಯ ಹತ್ತಕ್ಕೆ ಬಂದೆವು, ಕಾಟ ಶುರುವಾಯಿತು. ಇಬ್ಬರೂ ಒಟ್ಟಿಗೆ ಹೊಡೆಯುತ್ತಿದ್ದುದರಿಂದ ನಾವೂ ಒಬ್ಬರಿಗೊಬ್ಬರು ಕೊಡಬಹುದಿತ್ತು.

“ವಕೀಲ್ರ, ಕೈ ನಡಗಾಕತ್ತೈತಿ. ಮನ್ಯಾಗ ಮತ್ತ ಜಗಳೇನ್ರಿ?” ಭಾಯಿ ಅಂದ. ಮಾಸ್ತರರು ಹೋ ಎಂದು ನಕ್ಕರು. ನನ್ನ ಗುಂಡು ಎಂಟಕ್ಕೆ ಬಿತ್ತು.

“ಬಾಯಿಪಾಠಾ ಮಾಡಿದ ಅರ್ಜಿ ಅಲ್ರಿ ಇದು. ಇಲ್ಲಿ ನೋಡಿ ಹೊಡೀಬೇಕು,” ಸಿಸ್ಟರ್ ಸೇರಿಸಿದರು. ಅದಕ್ಕೂ ನಕ್ಕರು.

ಒಂಬತ್ತು ಗುಂಡು ಮುಗಿದಾಗ ಅವನು ನನಗಿಂತ ಎರಡು ಅಂಕ ಮುಂದಿದ್ದ. ನಾನು ನನ್ನ ಹತ್ತನೆಯದನ್ನು ಹೊಡೆದೆ. ಬಿಡುವಾಗಲೇ ಕೆಟ್ಟಿತೆಂದು ತಿಳಿಯಿತು, ಎಡಕ್ಕೆ ಸರಿದಿತ್ತು, ಏಳು ಇರಬೇಕು. ಎಲ್ಲ ಅವನ ಒಂದು ಗುಂಡಿನ ಮೇಲೆ ನಿಂತಿತ್ತು. ಅವನು ಕೈ ಎತ್ತಿದ. ಇವನಿಗೆ, ಕಣ್ಣಿಲ್ಲದ ಇವನಿಗೆ ನಾನು ಸೋಲಬೇಕೇ ಅನ್ನಿಸಿತು. ಬಾಯಿ ತೆರೆದೆ.

“ಭಾಯಿ, ಡಾಕ್ಟರ್ ಚೀಟಿ ಓದಿದಾವ ನಾನ ಅಲ್ಲೇನ್ರಿ? ಎರಡೂ ಕಣ್ಣ ಆರಾಕತ್ತಾವ. ಇನ್ನ ಸಿಸ್ಟರ್ ಯುನಿಫಾರ್ಮಿಗೆ ಎರಡೂ ತೋಳು ಒಂದ ಕಡೆ ಹಚ್ಚತೀರಿ, ನೋಡ್ಕೊಂಡ ಹಾಕ್ಕೋಬೇಕ್ರಿ ಸಿಸ್ಟರ್!”

ಮಾಸ್ತರರು ಅಭ್ಯಾಸಬಲದಿಂದ ನಕ್ಕರು. ಅರ್ಧ ನಗುವಿನಲ್ಲೇ ನಿಲ್ಲಿಸಿದರು. ಸಿಸ್ಟರ್ ನಗಲಿಲ್ಲ. ಭಾಯಿ ಕೈ ಇಳಿಸಿದ. ತಿರುಗಿ ನೋಡಲಿಲ್ಲ, ಕಾಯ್ದೆ ಮುರಿಯಲಿಲ್ಲ. ಒಂದು ಉಸಿರು ಎಳೆದುಕೊಂಡು ಮತ್ತೆ ಕೈ ಎತ್ತಿ ಹೊಡೆದ.

ರಾಟೆ ತಿರುಗಿಸಿ ಕಾರ್ಡು ತರಿಸಿದೆವು. ಅವನ ಕಾರ್ಡಿನಲ್ಲಿ ನಾಲ್ಕೇ ತೂತು. ನನ್ನದರಲ್ಲಿ ಆರು. ಕೈ ಇಳಿಸಿ ಎತ್ತುವಷ್ಟರಲ್ಲಿ ಅವನಿಗೆ ಕಾರ್ಡು ತಪ್ಪಿತ್ತು. ಬದಿಯ ನೋಟವಿರುವವರಿಗೆ ಮೂರು ಕಾರ್ಡೂ ಕಾಣುತ್ತವೆ, ತಮ್ಮದು ಯಾವುದೆಂದು ಹುಡುಕಬೇಕಾಗಿಲ್ಲ. ಅವನಿಗೆ ಕಂಡದ್ದು ಒಂದು ಕರೀ ಚುಕ್ಕಿ ಮಾತ್ರ. ಅದು ನನ್ನದಾಗಿತ್ತು. ಅದರ ನಟ್ಟನಡುವೆ ಹೊಡೆದಿದ್ದ.

ಪಕ್ಕದ ಕಾರ್ಡಿಗೆ ಬಿದ್ದ ಗುಂಡಿಗೆ ಸೊನ್ನೆ. ಆರರಲ್ಲಿ ಯಾವುದು ಯಾರದೆಂದು ತಿಳಿಯದಿದ್ದರೆ ಕಾರ್ಡಿನವನಿಗೆ ಹೆಚ್ಚು ಅಂಕದ ಐದು ಸಲ್ಲುತ್ತವೆ. ಮಾಸ್ತರರು ಕನ್ನಡಕ ಏರಿಸಿ, “ನಿಮ್ದ ಯಾವುದಂತ ಗೊತ್ತೈತೇನ್ರಿ?” ಎಂದು ನನ್ನನ್ನು ಕೇಳಿದರು.

ಎಡಕ್ಕೆ ಸರಿದ ಏಳು ನನ್ನನ್ನೇ ನೋಡುತ್ತಿತ್ತು. ಅದನ್ನು ತೋರಿಸಿದ್ದರೂ ಗೆಲ್ಲುತ್ತಿದ್ದೆ. “ಗೊತ್ತಿಲ್ರಿ ಸರ,” ಎಂದೆ. ಅವನ ಹತ್ತು ನನ್ನ ಲೆಕ್ಕಕ್ಕೆ ಬಂತು.

ಭಾಯಿ ಪಿಸ್ತೂಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಹೊರಗೆ ಚಹಾ ಬಂದಿತ್ತು. “ಕೈ ತೊಳಿ ಬಾ ಭಾಯಿ,” ಎಂದು ಮಾಸ್ತರರು ಮೆತ್ತಗೆ ಕರೆದರು.

“ಬಸ್ಸಿನ ಹೊತ್ತಾತ್ರಿ ಸರ,” ಎಂದು ನಳ ದಾಟಿ ನಡೆದುಬಿಟ್ಟ. ನಾನು ಮಾತ್ರ ಎರಡು ಸಲ ಸಾಬೂನು ಹಚ್ಚಿ ತೊಳೆದೆ.

ಎರಡು ತಿಂಗಳ ಮೇಲೆ ಕೊಲ್ಲಾಪುರದಲ್ಲಿ ಚೆನ್ನಾಗಿಯೇ ಹೊಡೆದೆ. ಅಲ್ಲಿಯವರು ಮರಾಠಿಯಲ್ಲಿ ಕಾಲೆಳೆದರು, ನನ್ನವರಿಬ್ಬರೂ ನನ್ನ ಹಿಂದೆ ಬಾಯಿ ಮುಚ್ಚಿ ನಿಂತಿದ್ದರು. “ಏನಾದ್ರೂ ಅನ್ರಿ,” ಎಂದು ಕೇಳಿಕೊಂಡೆ. ಅನ್ನಲಿಲ್ಲ. ಬರುವಾಗ ಬಸ್ಸಿನಲ್ಲಿ ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: “ನಾ ಒಬ್ಬಾಕಿಗೇ ಹೇಳಿದ್ದೆ. ಆಸ್ಪತ್ರಿ ತುಂಬ ಹಬ್ಬೇತಿ. ಈ ಸಲ ಬಟ್ಟಿ ಬ್ಯಾರೆ ಟೇಲರ್‌ಗೆ ಕೊಟ್ರು.”

ನಿಪ್ಪಾಣಿಯಲ್ಲಿ ಸಿಸ್ಟರ್ ಇಳಿದರು. ನಾನೂ ಇಳಿದೆ. ಭಾಯಿಯ ಅಂಗಡಿಯಲ್ಲಿ ಹ್ಯಾಂಗರುಗಳು ಬರಿದಾಗಿದ್ದವು. ಅವನ ಹೆಂಡತಿ ಮೆಷಿನ್ನಿನ ಮೇಲೆ ಯಾವುದೋ ಹಳೆಯ ಬಟ್ಟೆಗೆ ತೇಪೆ ಹಾಕುತ್ತಿದ್ದಳು. ಭಾಯಿ ಬಾಗಿಲ ಬಳಿ ಬೆರಳಿನಿಂದ ತಡವಿ ತಡವಿ ಒಂದು ರವಿಕೆಗೆ ಹುಕ್ಕು ಹಚ್ಚುತ್ತಿದ್ದ.

“ತಪ್ಪಾತ್ರಿ ಭಾಯಿ,” ಎಂದೆ.

“ಕುಂದರ್ರಿ ವಕೀಲ್ರ.” ಸೂಜಿಯನ್ನೂ ದಾರವನ್ನೂ ನನ್ನ ಕೈಗಿಟ್ಟ. “ಇದನ್ನಷ್ಟು ಪೋಣಸ್ರಿ. ನಾ ಹಿಂದ ನಿಂತು ಕಾಟ ಕೊಡ್ತೀನಿ.”

ಎದ್ದು ನನ್ನ ಬೆನ್ನ ಹಿಂದೆ ಬಂದು ನಿಂತ. ಒಂದು ಮಾತೂ ಆಡಲಿಲ್ಲ. ಮೆಷಿನ್ನು ನಿಂತಿತು. ನಾನು ದಾರದ ತುದಿಯನ್ನು ಎಂಜಲು ಮಾಡಿ ಮೂರು ಸಲ ನೋಡಿದೆ, ನಾಲ್ಕು ಸಲ ನೋಡಿದೆ. ನನ್ನ ಎರಡೂ ಕಣ್ಣು ಚೆನ್ನಾಗಿವೆ. ಕೈ ಮಾತ್ರ ನಿಲ್ಲಲಿಲ್ಲ.

“ಸೊನ್ನಿ,” ಎಂದು ನನ್ನ ಬೆರಳುಗಳಿಂದ ಸೂಜಿ ತೆಗೆದುಕೊಂಡು ಹೆಂಡತಿಗೆ ಕೊಟ್ಟ. ಅವಳು ನೋಡದೆಯೇ ಪೋಣಿಸಿದಳು.

ನಾನು ಎದ್ದು ಬಾಗಿಲ ಬಳಿಯ ಕೊಡದಿಂದ ನೀರು ತೆಗೆದುಕೊಂಡು ಕೈ ತೊಳೆಯಲು ಹೋದೆ. ಅವನಿಗೆ ಸಪ್ಪಳದಿಂದಲೇ ತಿಳಿಯಿತು.

“ನೀರ ಯಾಕ ಚೆಲ್ತೀರಿ? ಇಲ್ಲಿ ಸೀಸ ಇಲ್ರಿ,” ಎಂದು ಹೇಳಿ ಹುಕ್ಕು ಹಚ್ಚಲು ಕುಳಿತ.