ಅತ್ತೆಯ ಮಂಚ, ಮೇವಿನ ಚಕ್ಕಡಿ

ಹೋದ ವಾರ ಧಾರವಾಡದ ಸಿಗ್ನಲ್ಲಿನಲ್ಲಿ ಒಣಮೇವು ಹೇರಿದ ಟ್ರ್ಯಾಕ್ಟರೊಂದು ನನ್ನ ಪಕ್ಕದಲ್ಲೇ ಬಂದು ನಿಂತಿತು. ಬಿಸಿಲಿಗೆ ಕಾದ ಮೇವಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಸೋದರತ್ತೆ ನೆನಪಾದಳು...

ಅಪ್ಪನ ತಂಗಿ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಉಪ್ಪಿನಬೆಟಗೇರಿಯ ನಮ್ಮ ಮನೆಗೆ ಮರಳಿದ್ದಳು. ಅವಳ ಜೊತೆ ಅವಳ ಮದುವೆಯ ಮಂಚವೂ ಬಂದಿತ್ತು. ಸೊಳ್ಳೆಪರದೆ ಕಟ್ಟುವ ಎತ್ತರದ ಕಂಬಗಳಿದ್ದ ಸಾಗವಾನಿ ಮಂಚ. ಹಿಂದಿನ ಕೋಣೆಯಲ್ಲಿದ್ದ ಅದರ ಮೇಲೆ ಅವಳೂ ಮಲಗುತ್ತಿರಲಿಲ್ಲ, ಬೇರೆ ಯಾರೂ ಮಲಗುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಸುಗ್ಗಿ. ಅಪ್ಪ ಮೇವು ಹೇರಿದ ಎತ್ತಿನ ಚಕ್ಕಡಿಯ ಮೇಲೆ ಕೂತು ಬರುವಾಗ ಹಗ್ಗ ಹರಿದು, ಹೇರು ಜಾರಿ, ಕೆಳಗೆ ಬಿದ್ದು ಕಾಲು ಮುರಿದುಕೊಂಡ. ಅವನು ಧಾರವಾಡದ ಆಸ್ಪತ್ರೆಯಲ್ಲಿ, ಅವ್ವ ಅವನ ಹತ್ತಿರ. ವರ್ಷದ ಮೇವೆಲ್ಲ ಹೊಲದಲ್ಲೇ ಬಿದ್ದಿತ್ತು. ಅಡ್ಡಮಳೆಯ ಮೋಡ ಬೇರೆ ಕಟ್ಟತೊಡಗಿತ್ತು. ಆ ಚಕ್ಕಡಿ ಹೊಡೆಯಲು ಆಳುಗಳು ಹಿಂದೇಟು ಹಾಕಿದರು.

ಅತ್ತೆ ಬಡಿಗೇರನನ್ನು ಕರೆಸಿದಳು. ಹೇರು ಜಾರದಂತೆ ಚಕ್ಕಡಿಯ ಸುತ್ತ ಎತ್ತರಕ್ಕೆ ಕಟ್ಟಿಗೆಯ ಚೌಕಟ್ಟು ಕೂಡಿಸಬೇಕು ಅಂದಳು. ಜಾಲಿ ಕಡಿದು, ಕೊಯ್ದು, ಒಣಗಿಸುವುದರೊಳಗೆ ಮಳೆಯೇ ಬಂದೀತು ಅಂದ ಅವನು. ಅತ್ತೆ ಒಳಗೆ ಹೋಗಿ ಹಿಂದಿನ ಕೋಣೆಯ ಬಾಗಿಲು ತೆರೆದಳು.

ಅಜ್ಜಿ ಬಾಗಿಲಿಗೆ ಅಡ್ಡ ಬಂದು ನಿಂತಳು. "ಅದು ನಿನ್ನ ಮದಿವಿ ಮಂಚ, ಮಗಳ..."

"ಗೊತ್ತೈತಿ ಬೇ. ಅದರ ಮ್ಯಾಲ ಧೂಳ ಒಂದ ಮಲಗೈತಿ," ಅಂದಳು ಅತ್ತೆ. "ಎತ್ತು ಉಪವಾಸ ಬೀಳೂದು ಬ್ಯಾಡ."

ಅಂಗಳದಲ್ಲಿ ಗರಗಸ ಆಡತೊಡಗಿದಾಗ ಅವಳು ಮುಖ ಆ ಕಡೆ ತಿರುಗಿಸಿದಳು. ಆಮೇಲೆ ತಾನೇ ಬಂದು ಹಲಗೆ ಹಿಡಿದು ನಿಂತಳು. ಕಂಬಗಳು ಚಕ್ಕಡಿಯ ಮೂಲೆಗಳಿಗೆ ಹೋದವು, ಹಲಗೆಗಳು ಸೀಳಿ ಅಡ್ಡಪಟ್ಟಿಗಳಾದವು.

ಮರುದಿನ ಸೆರಗು ಸೊಂಟಕ್ಕೆ ಬಿಗಿದು ಚಕ್ಕಡಿ ಹೊಡೆದವಳೂ ಅವಳೇ. ಹೆಣ್ಣುಮಗಳು ಚಕ್ಕಡಿ ಹೊಡೆಯುವುದನ್ನು ನೋಡಲು ಜನ ಕಟ್ಟೆಗೆ ಬಂದು ಕೂತರು. ಅವಳು ಅತ್ತ ನೋಡಲೇ ಇಲ್ಲ. ಕಡೆಯ ಹೇರಿನ ಮೇಲೆ ನನ್ನನ್ನೂ ಹತ್ತಿಸಿಕೊಂಡಿದ್ದಳು. ಮಾವ ನೆನಪಾಗುತ್ತಾನೇನು ಎಂದು ಕೇಳಿದೆ. ದಾರಿಯುದ್ದಕ್ಕೂ ಎತ್ತುಗಳನ್ನು ಮಾತಾಡಿಸುತ್ತಿದ್ದವಳು ಹಗ್ಗ ಸಡಿಲಬಿಟ್ಟಳು.

"ಮುಖ ಮರತ ಹೋಗೈತಿ ಯವ್ವಾ. ದನಿ ಅಷ್ಟ ಉಳದೈತಿ."

ಮಳೆ ಬರುವ ಮುಂಚೆ ಹಿತ್ತಲಲ್ಲಿ ಬಣವೆ ಎದ್ದಿತು. ಊರುಗೋಲಿನ ಮೇಲೆ ಮನೆಗೆ ಬಂದ ಅಪ್ಪ ಚಕ್ಕಡಿಯ ಕಂಬವನ್ನು ಕೈಯಿಂದ ಸವರಿದ, ತಂಗಿಯ ಮುಖ ನೋಡಿದ.

ಮುಂದೆ ಎತ್ತುಗಳು ಹೋದವು, ಚಕ್ಕಡಿ ಪಕ್ಕದ ಗರಗ ಊರಿನವರ ಪಾಲಾಯಿತು. ಎರಡು ಸಾವಿರದ ಇಸವಿಯ ಈಚೆಗೆ, ಒಂದು ಚಳಿಗಾಲದಲ್ಲಿ, ಜ್ವರವೆಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ...

ಅವಳ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ದಾರಿಯುದ್ದಕ್ಕೂ ಎತ್ತುಗಳನ್ನು ಮಾತಾಡಿಸುತ್ತಿದ್ದ ಆ ದನಿ... ಎಷ್ಟು ಕಿವಿಗೊಟ್ಟರೂ ನನಗೆ ಕೇಳಿಸುವುದಿಲ್ಲ.