ಚಿಪ್ಪಿಗೆ ನಾನೂರು, ಅವರಿಗೆ ಎರಡು

ನನ್ನ ಪಿಎಚ್‌ಡಿ ಗೈಡ್ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂದು ನಾನು ಪ್ರಯತ್ನವನ್ನೂ ಪಟ್ಟಿಲ್ಲ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಅವರು ನಿವೃತ್ತರಾಗಿ ನರಸಿಂಹರಾಜಪುರದಲ್ಲಿದ್ದರು, ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿ. ಪ್ರತಿ ಭಾನುವಾರ ಮೆಣಸೆಯಿಂದ ಶೃಂಗೇರಿ, ಶೃಂಗೇರಿಯಿಂದ ಕೊಪ್ಪ, ಅಲ್ಲಿ ಇನ್ನೊಂದು ಬಸ್ಸು ಹತ್ತಿ ಅವರ ಜಗಲಿಯಲ್ಲಿ ಕೂತು ಬೈಸಿಕೊಂಡು ಬರುತ್ತಿದ್ದೆ. ಡಿಗ್ರಿ ಸಿಕ್ಕಿದರೆ ಕೆಲಸ ಕಾಯಂ ಆಗುತ್ತಿತ್ತು. ಡಿಗ್ರಿಗೆ ಅವರ ಸಹಿ ಬೇಕಿತ್ತು.

ಜಗಳ ಹುಟ್ಟಿದ್ದು ಚಿಪ್ಪಿನಿಂದ. ಘಟ್ಟದ ಕೆಳಗೆ, ಕಡಲ ದಂಡೆಯ ಒಂದು ದಿಬ್ಬದಲ್ಲಿ ನಾವು ಗುಂಡಿ ತೆಗೆದಿದ್ದೆವು. ಸಾವಿರಾರು ವರ್ಷಗಳ ಹಿಂದಿನ ಜನ ಕಪ್ಪೆಚಿಪ್ಪು ಸುಟ್ಟು, ತಿಂದು ಎಸೆದ ರಾಶಿ ಅದು. ಒಂದೇ ಒಲೆಯ ಬೂದಿಯಿಂದ ಒಂದಷ್ಟು ಚಿಪ್ಪು, ಒಂದಷ್ಟು ಇದ್ದಿಲು ಆರಿಸಿ, ಇಂಗಾಲದಿಂದ ಕಾಲ ಅಳೆಯುವ ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿ ಬಂತು. ಚಿಪ್ಪು ಇದ್ದಿಲಿಗಿಂತ ನಾನೂರು ವರ್ಷಕ್ಕೂ ಹೆಚ್ಚು ಹಳೆಯದು!

ಅಮ್ಮ ದೋಸೆ ಹಿಟ್ಟು ರುಬ್ಬುತ್ತಿದ್ದಾಗ ಇದನ್ನು ಹೇಳಿದೆ. ಇದ್ದಿಲಾಗುವ ಮರ ಗಾಳಿಯಿಂದ ಹೊಸ ಇಂಗಾಲ ಎಳೆದುಕೊಳ್ಳುತ್ತದೆ. ಕಡಲಿನಲ್ಲಿ ಹಾಗಲ್ಲ, ಆಳದಲ್ಲಿ ನೂರಾರು ವರ್ಷ ಕೂತ ಹಳೇ ನೀರು ಮೇಲಿನದಕ್ಕೆ ಬೆರೆಯುತ್ತಿರುತ್ತದೆ. ಅದರಲ್ಲಿ ಬೆಳೆದ ಚಿಪ್ಪು ಇವತ್ತೇ ಸತ್ತರೂ ನಾನೂರು ವರ್ಷದ ಹಿಂದೆ ಸತ್ತಂತೆ ತೋರುತ್ತದೆ.

"ಇವತ್ತಿನ ಹಿಟ್ಟಿಗೆ ಮೊನ್ನೆದು ಬೆರೆಸಿದ್ರೆ ಆಗ್ಲೇ ಹುಳಿ ಬರ್ತದಲ್ಲ, ಹಾಗೆ," ಎಂದರು ಅಮ್ಮ. "ಅಷ್ಟು ಕಳೆದು ಹೇಳಿದ್ರಾಯ್ತು. ಇದ್ರಲ್ಲಿ ಎಂತ ಜಗಳ ಮಾರಾಯ್ತಿ?"

ಅಮ್ಮ ಓದಿದ್ದು ಏಳನೇ ಕ್ಲಾಸು. ಗೈಡ್ ಸಾಹೇಬರ ಓದಿಗೆ ಎರಡು ಕಪಾಟು ಸಾಲುತ್ತಿರಲಿಲ್ಲ. ಆದರೆ ನಮ್ಮ ಕರಾವಳಿಯ ಅತಿ ಹಳೆಯ ನೆಲೆ ಪತ್ತೆಯಾಗಿದೆ ಎಂದು ಅವರು ಆಗಲೇ ಪತ್ರಿಕೆಗೆ ಹೇಳಿಯಾಗಿತ್ತು. ಕಳೆದರೆ ಆ 'ಅತಿ' ಹೋಗುತ್ತಿತ್ತು.

"ಪ್ರಬಂಧದಲ್ಲಿ ಇದ್ದಿಲಿನ ಸಾಲು ಹೊಡೆದು ಹಾಕು. ಯಾವುದೋ ಬೇರು ಸುಟ್ಟು ಕೆಳಗಿಳಿದಿರ್ತದೆ," ಎಂದರು.

"ಒಲೆ ಮೇಲಿನ ಮಣ್ಣು ಕದಡಿರಲಿಲ್ಲ ಸರ್. ನೀವೇ ನೋಡಿದ್ರಿ."

"ನೋಡಿದ್ದು ನಾನು ಅಂದ್ಮೇಲೆ ಹೇಳೋದೂ ನಾನೇ. ನಿಂಗೆ ವರ್ಷ ಕಳೆಯೋದು ಅಷ್ಟು ಇಷ್ಟ ಆದ್ರೆ ಕಳಿ. ಸಹಿ ಇಲ್ದೆ ಇನ್ನೂ ಹತ್ತು ವರ್ಷ ಕಳಿ."

ಹಲ್ಲು ಕಚ್ಚಿಕೊಂಡು ಬಂದೆ. ಎಲ್ಲ ಕಡಲಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ನಮ್ಮ ಕಡಲಿಗೆ ಎಷ್ಟು ಕಳೆಯಬೇಕೆಂದು ಹೇಳಬಲ್ಲ ಸಾಕ್ಷಿ ಆ ಇದ್ದಿಲೇ. ಉಳಿದ ಇದ್ದಿಲು, ಉಳಿದ ಚಿಪ್ಪು, ವರದಿ, ಮೂರೂ ಅವರ ಕಪಾಟಿನಲ್ಲಿದ್ದವು.

ಅಷ್ಟರಲ್ಲಿ ಕೊಪ್ಪದಲ್ಲಿ ಅವರಿಗೊಂದು ಸನ್ಮಾನ ನಿಗದಿಯಾಯಿತು. ಪರಿಚಯ ಭಾಷಣ ನನ್ನ ತಲೆಗೆ ಬಂತು. ಹುಟ್ಟಿದ ತಾರೀಕು ಬರೆದುಕೊಳ್ಳುತ್ತಿದ್ದಾಗ ಕಾಫಿ ತಂದ ಅವರ ಹೆಂಡತಿ ನಕ್ಕರು. "ಅದು ಶಾಲೆದು. ಇವ್ರ ಅಪ್ಪ ಎರಡು ವರ್ಷ ಕಮ್ಮಿ ಹೇಳಿ ಸೇರ್ಸಿದ್ದು. ಅದ್ರಿಂದ ಎರಡು ವರ್ಷ ಜಾಸ್ತಿ ನೌಕರಿ ಆಯ್ತು." ಗೈಡ್ ಕೂಡ ನಕ್ಕರು. ನಮ್ಮ ಕಡೆ ಆ ಕಾಲದವರ ತಾರೀಕು ಹೆಚ್ಚಿನವು ಹಾಗೇ. ನಾನು ನಗಲಿಲ್ಲ.

ವೇದಿಕೆಯ ಮೇಲೆ ಆ ತಾರೀಕು ಓದಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಶಾಲು ಹೊದ್ದು ಕೂತ ಅವರ ಮುಖ ನೋಡಿದೆ, ನಾಲಿಗೆ ನಿಲ್ಲಲಿಲ್ಲ. "ಇದು ಶಾಲೆಯ ರಿಜಿಸ್ಟರಿನ ತಾರೀಕು. ಸರ್ ವಯಸ್ಸಿಗೆ ಎರಡು ವರ್ಷ ಕೂಡಿಸಿಕೊಳ್ಳಬೇಕು," ಎಂದೆ. ಸಭೆ ನಕ್ಕಿತು. ಮೇಗುಂದದಿಂದ ಬಂದಿದ್ದ ಹಿರಿಯರೊಬ್ಬರು, "ನಂದೂ ಹಾಗೇ ಮಾರಾಯ್ರೇ!" ಎಂದು ಕೂಗಿದರು. ನಗು ಇಳಿಯುವವರೆಗೆ ಕಾದೆ. "ಹಾಗೆಯೇ ಅವರ ಚಿಪ್ಪಿನ ವಯಸ್ಸಿನಿಂದ ನಾನೂರಕ್ಕೂ ಹೆಚ್ಚು ಕಳೆಯಬೇಕು. ಪಕ್ಕದಲ್ಲೇ ಸಿಕ್ಕ ಇದ್ದಿಲು ಅದನ್ನೇ ಹೇಳುತ್ತದೆ."

ಈ ಸಲ ಯಾರೂ ನಗಲಿಲ್ಲ. ಅವರು ಮಾತ್ರ ಮುಗುಳ್ನಗುತ್ತಲೇ ಇದ್ದರು, ಫೋಟೋ ತೆಗೆಯುತ್ತಿದ್ದರಲ್ಲ.

ಮತ್ತೆ ಅವರು ನನ್ನ ಫೋನ್ ಎತ್ತಲಿಲ್ಲ. ಮೂರು ವಾರದ ಮೇಲೆ ಬಸ್ಸಿನವರ ಕೈಯಲ್ಲಿ ನನ್ನ ಹೆಸರಿಗೆ ಒಂದು ರಟ್ಟಿನ ಡಬ್ಬ ಬಂತು. ಮೇಲೇ ನನ್ನ ಪ್ರಬಂಧ, ಸಹಿಯ ಜಾಗ ಖಾಲಿ. ಕೆಳಗೆ ಪೊಟ್ಟಣ ಪೊಟ್ಟಣ ಚಿಪ್ಪು. ಅಮ್ಮ ಒಂದನ್ನು ಎತ್ತಿ ನೋಡಿ, "ಅಂತೂ ನಿನ್ನ ಕೈಗೆ ಚಿಪ್ಪು ಕೊಟ್ಟ ಅನ್ನು!" ಎಂದರು. ಅಷ್ಟು ಸಿಟ್ಟಿನಲ್ಲೂ ನನಗೆ ನಗು ಬಂತು.

ಹೋದರೆ ಹೋಗಲಿ ಡಿಗ್ರಿ, ಸಾಕ್ಷಿಯಾದರೂ ಕೈಗೆ ಬಂತಲ್ಲ ಎಂದುಕೊಂಡು ಪೊಟ್ಟಣಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ಒಂದೊಂದನ್ನೂ ಬಿಚ್ಚಿದೆ. ವರದಿ ಕಾಣಲಿಲ್ಲ. ಡಬ್ಬವನ್ನು ಬೋರಲು ಹಾಕಿ ತಟ್ಟಿದೆ.

ಇದ್ದಿಲು ಇರಲಿಲ್ಲ.